ಗುಬ್ಬಿ ಪಿಸ್ತೂಲು

ನನ್ನ ಬಡ್ತಿಗಳ ವಿವರ ಬೇಕಾದವರು ನನ್ನ ಸರ್ವೀಸ್ ಪುಸ್ತಕ ತರಿಸಿಕೊಂಡು ಓದಲಿ. ಎಲ್ಲ ಸೇರಿ ಅರ್ಧ ಪುಟ ಆಗಬಹುದು. ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಅದರಿಂದ ಮೂರು ಕಾಸಿನ ಉಪಯೋಗವೂ ಇಲ್ಲ. ಅವರಿಗೆ ಉಪಯೋಗವಾಗುವುದು ನಾನು ಮಾಡಿದ ತಪ್ಪುಗಳು. ಅವು ಸರ್ವೀಸ್ ಪುಸ್ತಕದಲ್ಲಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕುದೇರಿನ ಮರಿಸ್ವಾಮಿ. ಪೊಲೀಸ್ ಮೀಸಲು ಪಡೆಯಲ್ಲಿ ಆರ್ಮರರ್ ಆಗಿದ್ದೆ. ಆರ್ಮರರ್ ಅಂದರೆ ಬಂದೂಕು, ಪಿಸ್ತೂಲುಗಳನ್ನು ಒರೆಸಿ, ಎಣ್ಣೆ ಹಾಕಿ, ರಿಪೇರಿ ಮಾಡಿ, ಹೊಸಬರಿಗೆ ಗುಂಡು ಹೊಡೆಯುವುದನ್ನು ಕಲಿಸುವವನು. ಸಿನಿಮಾದಲ್ಲಿ ಪೊಲೀಸಿನವರು ಎದ್ದರೆ ಕೂತರೆ ಗುಂಡು ಹಾರಿಸುತ್ತಾರೆ. ನಿಜವಾದ ಪೊಲೀಸಿನವನ ಕೈಗೆ ನಮ್ಮ ಕಾಲದಲ್ಲಿ ವರ್ಷಕ್ಕೆ ಹತ್ತು ಗುಂಡು ಸಿಕ್ಕರೆ ಅವನ ಪುಣ್ಯ. ಹೊಡೆದ ಮೇಲೆ ಆ ಹತ್ತು ಗುಂಡಿನ ಖಾಲಿ ಕೊಪ್ಪೆಗಳನ್ನು, ಅಂದರೆ ಹಿತ್ತಾಳೆಯ ಸಿಪ್ಪೆಗಳನ್ನು, ವಾಪಸು ಒಪ್ಪಿಸಬೇಕು. ಒಂದು ಕೊಪ್ಪೆ ಕಮ್ಮಿಯಾದರೂ ವಿಚಾರಣೆ, ಹೇಳಿಕೆ, ರಂಪ. ಗುಂಡು ಎಲ್ಲಿ ಬಿತ್ತು ಅಂತ ಕೇಳುವವರಿಗಿಂತ ಕೊಪ್ಪೆ ಎಲ್ಲಿ ಬಿತ್ತು ಅಂತ ಕೇಳುವವರೇ ಜಾಸ್ತಿ.

ಗುಂಡಿಲ್ಲದೆ ಗುಂಡು ಹೊಡೆಯುವುದನ್ನು ಕಲಿಸುವುದು ಹೇಗೆ? ಅದಕ್ಕೆ ನನ್ನ ಗುರುಗಳು ಒಂದು ದಾರಿ ಹೇಳಿಕೊಟ್ಟಿದ್ದರು. ಖಾಲಿ ರಿವಾಲ್ವರಿನ ನಳಿಕೆಯ ಮೇಲೆ ಒಂದು ನಾಣ್ಯ ಇಡು, ಗುರಿ ಹಿಡಿ, ಕುದುರೆ, ಅಂದರೆ ಟ್ರಿಗರ್, ಎಳೆ. 'ಕ್ಲಿಕ್' ಅನ್ನಬೇಕು, ನಾಣ್ಯ ಬೀಳಬಾರದು. ಬೆಳಿಗ್ಗೆ ಇನ್ನೂರು ಸಲ. ಗುರುಗಳು ನನ್ನ ಬೆನ್ನಿಗೆ ಬೆತ್ತ ಮುಟ್ಟಿಸಿಕೊಂಡೇ ಎಣಿಸುತ್ತಿದ್ದರು. ಈ ಅಭ್ಯಾಸ ನನ್ನ ರಕ್ತದಲ್ಲೇ ಸೇರಿಹೋಗಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಹೋಗಿದ್ದು ಇದರಿಂದಲೇ.

ಚಾಮರಾಜನಗರ ಹೊಸ ಜಿಲ್ಲೆಯಾದ ಕಾಲ. ಕುರ್ಚಿ ಮೇಜು ಇನ್ನೂ ಲಾರಿಯಿಂದ ಇಳಿಯುತ್ತಿದ್ದವು. ನನ್ನ ಆಯುಧಕೋಣೆ ಹಳೆಯ ಗೋದಾಮಿನ ಮೂಲೆಯಲ್ಲಿತ್ತು, ಪಕ್ಕದಲ್ಲೇ ಬೇವಿನ ಮರ, ಅದರ ಕೆಳಗೆ ನನ್ನ ಪಾಠ. ಆಗ ಕಾಡಿನ ಕಡೆ ಡ್ಯೂಟಿ ಅಂದರೆ ಹುಡುಗಾಟವಲ್ಲ. ಬಂದ ಗುಂಡೆಲ್ಲ ಕಾಡಿಗೆ ಹೋಗುವ ತಂಡಗಳಿಗೆ ಹೋಗಿಬಿಡುತ್ತಿತ್ತು. ಅದು ನ್ಯಾಯವೇ. ಆದರೆ ತರಬೇತಿಗೆ ಉಳಿಯುತ್ತಿದ್ದುದು ಡಬ್ಬದ ತಳ.

ಆ ವರ್ಷದ ಹೊಸಬರಲ್ಲಿ ಉಮ್ಮತ್ತೂರಿನ ರತ್ನಮ್ಮ ಒಬ್ಬಳು. ಇಪ್ಪತ್ತೆರಡು ವರ್ಷ, ಕಡ್ಡಿಯಂಥ ಹುಡುಗಿ. ಓಟದಲ್ಲಿ ಗಂಡು ಹುಡುಗರನ್ನು ಹಿಂದೆ ಹಾಕುತ್ತಿದ್ದಳು, ಕಾನೂನಿನ ಪಾಠ ಒಪ್ಪಿಸಲು ನಿಂತರೆ ತಡವರಿಸುತ್ತಿರಲಿಲ್ಲ. ರಿವಾಲ್ವರ್ ಹಿಡಿದರೆ ಮಾತ್ರ ಮುಗಿಯಿತು. ಪರೀಕ್ಷೆ ನಡೆಯುವುದು ಪಾಯಿಂಟ್ ತ್ರೀ ಎಯ್ಟ್ ರಿವಾಲ್ವರಿನಲ್ಲಿ. ಅದರ ಸದ್ದಿಗೆ ಕಿವಿ ಗುಯ್ಗುಟ್ಟುತ್ತದೆ, ಮುಂಗೈ ಮೇಲಕ್ಕೆ ಹಾರುತ್ತದೆ. ಮೊದಲನೇ ಗುಂಡಿಗೇ ರತ್ನಮ್ಮನಿಗೆ ಅದರ ಹೆದರಿಕೆ ಹೊಕ್ಕುಬಿಟ್ಟಿತು. ಆಮೇಲೆ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುವಳು, ನಳಿಕೆ ನೆಲ ನೋಡುವುದು. ಹತ್ತರಲ್ಲಿ ಆರು ಗುರಿಗೆ ಬಿದ್ದರೆ ಪಾಸು. ಮೊದಲ ಪರೀಕ್ಷೆಯಲ್ಲಿ ಅವಳದು ಒಂದು, ಎರಡನೆಯದರಲ್ಲಿ ಸೊನ್ನೆ. ಮೂರನೆಯದು ಮೂರು ತಿಂಗಳ ನಂತರ ಗುಂಡ್ಲುಪೇಟೆ ಕಡೆಯ ಗುಡ್ಡದ ಬುಡದಲ್ಲಿ. ಅದರಲ್ಲೂ ಬೀಳಲಿಲ್ಲ ಅಂದರೆ ಯೂನಿಫಾರಂ ಬಿಚ್ಚಿಟ್ಟು ಮನೆಗೆ ಹೋಗಬೇಕು.

ನಮ್ಮ ರಿಸರ್ವ್ ಇನ್ಸ್‌ಪೆಕ್ಟರ್ ಗುರುಪಾದಪ್ಪನವರು. ಆಜಾನುಬಾಹು, ಮೀಸೆ ಗುಂಗುರು, ದನಿ ಕೇಳಿದರೆ ಬೇವಿನ ಮರದ ಕಾಗೆಗಳು ಎದ್ದುಹೋಗುತ್ತಿದ್ದವು. ಕೆಟ್ಟವರಲ್ಲ. ಹೆದರಿಸಿದರೇ ಕೆಲಸ ಬರುತ್ತದೆ ಅಂತ ನಂಬಿದವರು, ಅಷ್ಟೆ. ಎರಡನೇ ಪರೀಕ್ಷೆಯಲ್ಲಿ ಅವರು ರತ್ನಮ್ಮನ ಕಿವಿ ಹತ್ತಿರ ಬಗ್ಗಿ, "ಕಣ್ ಮುಚ್ಬ್ಯಾಡ ಕಣಮ್ಮಿ! ಕಣ್ ಮುಚ್ಬ್ಯಾಡ!" ಅಂತ ಪ್ರತಿ ಗುಂಡಿಗೂ ಗುಡುಗಿದರು. ಗುಂಡಿನ ಸದ್ದಿನ ಜೊತೆಗೆ ಇವರ ಸದ್ದು. ಕಣ್ಣು ಮುಚ್ಚದೆ ಏನು ಮಾಡುತ್ತಾಳೆ?

ಆವತ್ತು ಸಂಜೆ ರತ್ನಮ್ಮ ಬೇವಿನ ಮರದ ಕೆಳಗೆ ಕೂತಿದ್ದಳು. ಅಳುತ್ತಿರಲಿಲ್ಲ, ಅದೇ ನನಗೆ ಸಂಕಟವಾಗಿದ್ದು.

"ನಮ್ಮನೇಲಿ ಸಂಬಳ ಅಂತ ಕಂಡೋಳು ನಾನೇ ಮೊದ್ಲು ಸಾ," ಅಂದಳು. "ನಮ್ಮವ್ವ ಇವತ್ತೂ ಕಳೆ ಕೀಳಕ ಓಯ್ತಾವ್ಳೆ. ನಾನೂ ಓಯ್ತಿದ್ದಿ, ಪಿಯುಸಿ ಓದ್ಕಂಡೇ. ಈಗ ವಾಪಸ್ ಓದ್ರ ಆ ಒಲದ ಯಜಮಾನ್ರು ಏನಂದಾರು ಗೊತ್ತಾ? ಪೊಲೀಸಮ್ಮ ಬಂದವ್ಳೆ, ಅವ್ಳಿಗೊಂದು ಸಾಲು ಬುಡ್ರಲಾ ಅಂದಾರು. ಕೆಲ್ಸಕ್ಕ ನಾಚ್ಕ ಇಲ್ಲ ಸಾ ನಂಗ. ಆ ಮಾತ ಮಾತ್ರ ನಮ್ಮವ್ವ ಕೇಳಬಾರ್ದು."

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಆಗ ಗೊತ್ತಾಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಗೊತ್ತಾಯಿತು, ನನ್ನ ಮೇಲೇ ಅಂತ. ಈಜು ಬಾರದವರನ್ನು ಮೊದಲ ದಿನವೇ ಬಾವಿಗೆ ತಳ್ಳಿ, ಯಾಕೆ ಮುಳುಗಿದೆ ಅಂತ ಕೇಳುವ ಮೇಷ್ಟ್ರು ನಾನು. ಅವಳಿಗೆ ಬೇಕಾದದ್ದು ಸಣ್ಣ ಸದ್ದಿನ, ಕೈ ಹಾರಿಸದ ಆಯುಧ, ಮತ್ತೆ ಹೊಟ್ಟೆ ತುಂಬ ಗುಂಡು. ಅಂಥ ಆಯುಧ ಇದೆ. ಪಾಯಿಂಟ್ ಟೂ ಟೂ. ಇದರ ಗುಂಡು ಕಡಲೆಕಾಳಿನಷ್ಟೂ ದಪ್ಪವಿಲ್ಲ. ಒಂದು ದೊಡ್ಡ ಗುಂಡಿನ ಬೆಲೆಗೆ ಒಂದು ಹಿಡಿ ಬರುತ್ತದೆ.

ಮಾರನೇ ದಿನ ಗುರುಪಾದಪ್ಪನವರ ಮುಂದೆ ನಿಂತು ಹೇಳಿದೆ. ಅವರು ಮೇಜಿಗೆ ಬಡಿದು ನಕ್ಕರು.

"ಗುಬ್ಬಿ ಹೊಡಿಯೋ ಪಿಸ್ತೂಲಾ? ಏನಪ್ಪ ಮರಿಸ್ವಾಮಿ, ಬಲೂನ್ ಅಂಗ್ಡಿ ಇಡ್ತೀಯೋ? ನಾಳೆ ಕಳ್ಳ ಎದುರಿಗೆ ಬಂದ್ರೆ ಗುಬ್ಬಿ ಗುಂಡಲ್ಲಿ ಕಚಗುಳಿ ಇಡ್ತಾಳಾ ಆ ಹುಡುಗಿ?"

"ಕಲಿಯೋಕೆ ಸಾರ್, ಕಳ್ಳನಿಗಲ್ಲ."

"ನಾನ್ ಕಲ್ತಿದ್ದು ತ್ರೀ ಎಯ್ಟಲ್ಲೇ. ನೀನ್ ಕಲ್ತಿದ್ದೂ ಅದ್ರಲ್ಲೇ. ಹೋಗ್, ಹೋಗ್."

ನನ್ನ ನಾಲಿಗೆ ಯಾವಾಗಲೂ ನನಗಿಂತ ಒಂದು ಹೆಜ್ಜೆ ಮುಂದೆ. "ನಾವು ಕಲಿಯುವಾಗ ಗುಂಡಿಗೆ ಇಷ್ಟು ಬರ ಇರ್ಲಿಲ್ಲ ಸಾರ್," ಅಂದುಬಿಟ್ಟೆ. ಅಷ್ಟು ಹೊತ್ತಿಗೆ ನಮ್ಮ ಜಿಲ್ಲೆಯ ದೊಡ್ಡ ಸಾಹೇಬರು, ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನವರು, ಬಾಗಿಲಲ್ಲಿ ನಿಂತಿದ್ದರು. ಇಬ್ಬರ ಮಾತೂ ಕೇಳಿಸಿಕೊಂಡಿದ್ದರು. "ಒಂದು ಸೆಕೆಂಡ್ ಹ್ಯಾಂಡ್ ತಗೊಳ್ಳಿ, ನೋಡೋಣ," ಅಂದರು. ಗುರುಪಾದಪ್ಪನವರು ಸೆಲ್ಯೂಟ್ ಹೊಡೆದರು. ಸಾಹೇಬರು ಆಚೆ ಹೋದ ಮೇಲೆ ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದರು: "ಆ ಹುಡುಗಿ ಪಾಸಾಗ್ಲಿಲ್ಲ ಅಂದ್ರೆ ನಿನ್ನ ಸ್ಪ್ಯಾನರ್ ಡಬ್ಬ ಕಿತ್ಕೊಂಡು ಗೇಟ್ ಕಾಯಕ್ ಹಾಕ್ತೀನಿ." ಅವರು ಸುಮ್ಮನೆ ಹೇಳುವವರಲ್ಲ.

ಮೈಸೂರಿನ ಒಬ್ಬ ಆಯುಧ ವ್ಯಾಪಾರಿ ಮೂರು ತಂದು ನಮ್ಮ ಮುಂದೆ ಇಟ್ಟ. ಎಳೆಯರೇ, ಇಲ್ಲಿ ಸ್ವಲ್ಪ ಕಿವಿಗೊಟ್ಟು ಕೇಳಿ. ಮೊದಲನೆಯದು ವಿದೇಶದ್ದು, ಪಂದ್ಯದಲ್ಲಿ ಹೊಡೆಯುವವರ ಪಿಸ್ತೂಲು. ಅಬ್ಬಾ, ಏನು ಚೆಲುವು! ಅಕ್ರೋಟ್ ಮರದ ಹಿಡಿ, ಅಂಗೈ ಹೇಗಿದೆಯೋ ಹಾಗೇ ಕೆತ್ತಿದ್ದರು. ಕುದುರೆಗೆ ಬೆರಳು ತಗುಲಿದರೆ ಸಾಕು, ಗುಂಡು ಹೋಗಿರುತ್ತಿತ್ತು. ನಾನು ಐದು ಹೊಡೆದೆ, ಐದೂ ಒಂದೇ ತೂತು. ನನ್ನ ಜೀವ ಅದರ ಮೇಲೆ ಹೋಗಿಬಿಟ್ಟಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ರತ್ನಮ್ಮನ ಕೈಗೆ ಕೊಟ್ಟೆ. ಯಾರದೋ ದಪ್ಪ ಅಂಗೈಗೆ ಕೆತ್ತಿದ ಹಿಡಿಯಲ್ಲಿ ಅವಳ ಬೆರಳು ಕುದುರೆಗೆ ಎಟಕಲೇ ಇಲ್ಲ. ಎಟಕಿದ್ದರೂ ಪ್ರಯೋಜನವಿರಲಿಲ್ಲ. ಬೆಣ್ಣೆಯಂಥ ಆ ಕುದುರೆಯಲ್ಲಿ ಕಲಿತು, ಪರೀಕ್ಷೆ ದಿನ ಕಬ್ಬಿಣದಂಥ ಕುದುರೆ ಎಳೆಯಬೇಕಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ಒರೆಸಿ ಅದನ್ನು ಪೆಟ್ಟಿಗೆಗೆ ವಾಪಸು ಇಟ್ಟೆ.

ಎರಡನೆಯದು ತಾನೇ ಗುಂಡು ತುಂಬಿಕೊಳ್ಳುವ ಪಿಸ್ತೂಲು. ಹಿಡಿ ಚೆನ್ನಾಗಿತ್ತು, ಬೆಲೆಯೂ ಕಮ್ಮಿ. ಗುರುಪಾದಪ್ಪನವರಿಗೆ ಅದು ಹಿಡಿಸಿತು, ನೋಡಲು ಪಿಸ್ತೂಲಿನ ಹಾಗಿದೆ ಅಂತ. ತಾವೇ ಬಲಗಡೆ ಕುರ್ಚಿ ಹಾಕಿಸಿ, ಮಡಚಿದ ಛತ್ರಿಯನ್ನು ಕುರ್ಚಿಯ ತೋಳಿಗೆ ನೇತುಹಾಕಿ, "ಹೊಡೀರಿ" ಅಂದರು. ಹೊಡೆದೆವು. ಪ್ರತಿ ಗುಂಡಿಗೂ ಕೊಪ್ಪೆ ಚಟ್ ಅಂತ ಬಲಕ್ಕೆ ಹಾರಿ ಹುಲ್ಲಿಗೆ ಬೀಳುವುದು. ಇಪ್ಪತ್ತು ಗುಂಡು ಹೊಡೆಯಲು ಐದು ನಿಮಿಷ ಹಿಡಿಯಿತು, ಕೊಪ್ಪೆ ಹುಡುಕಲು ಮಧ್ಯಾಹ್ನ ಪೂರ್ತಿ. ಎಂಟು ಜನ ಪೊಲೀಸಿನವರು ಮಂಡಿಯೂರಿ ಹುಲ್ಲು ಸವರುವುದನ್ನು ನೋಡಿ ರಸ್ತೆಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, "ಮೂಗುತಿ ಕಳದೋಯ್ತಾ ಅಪ್ಪಾ?" ಅಂತ ಕೇಳಿದಳು. ಹತ್ತೊಂಬತ್ತು ಸಿಕ್ಕಿತು. ಇನ್ನೊಂದಕ್ಕೆ ಗುರುಪಾದಪ್ಪನವರು ಎಲ್ಲರಿಂದಲೂ ಹೇಳಿಕೆ ಬರೆಸಿಕೊಂಡರು.

ಮಾರನೇ ದಿನ ಬೆಳಿಗ್ಗೆ ಸಣ್ಣಗೆ ಮಳೆ. ಹಾಜರಿಗೆ ನಿಂತಿದ್ದೆವು. ಗುರುಪಾದಪ್ಪನವರು ಬಂದು ಛತ್ರಿ ಬಿಚ್ಚಿದರು. ಟಣ್ ಅಂತ ಅವರ ಬೂಟಿನ ಮೇಲೆ ಏನೋ ಬಿತ್ತು. ಕೊಪ್ಪೆ! ಇಡೀ ಸಾಲು ಉಸಿರು ಬಿಗಿಹಿಡಿದು ನಿಂತಿತು, ಒಬ್ಬರೂ ನಗಲಿಲ್ಲ. ಅವರು ಬಗ್ಗಿ ಎತ್ತಿಕೊಂಡು ನನ್ನ ಕೈಗಿಟ್ಟು, "ಮೂರನೇದು ತಗೋ," ಅಂದರು. ಆ ಹೇಳಿಕೆಗಳು ಏನಾದವೋ, ಆಮೇಲೆ ಯಾರೂ ಕಾಣಲಿಲ್ಲ.

ಮೂರನೆಯದು ರಿವಾಲ್ವರ್. ನಮ್ಮ ಕಡೆ ಎಲ್ಲಕ್ಕೂ ಪಿಸ್ತೂಲು ಅಂತಲೇ ಹೆಸರು, ಹಾಗಾಗಿ ಅದೂ ಗುಬ್ಬಿ ಪಿಸ್ತೂಲೇ ಆಯಿತು. ಬಣ್ಣವೆಲ್ಲ ಹೋಗಿ ಹಳೆಯ ಇಕ್ಕಳದ ಹಾಗೆ ಕಾಣುತ್ತಿತ್ತು. ಆದರೆ ಭಾರ ನಮ್ಮ ತ್ರೀ ಎಯ್ಟಿನ ಭಾರ, ಹಿಡಿ ಅದೇ ಹಿಡಿ, ಕುದುರೆಯ ಬಿಗಿಯೂ ಹೆಚ್ಚು ಕಮ್ಮಿ ಅದೇ. ಗುಂಡು ತುಂಬುವ ಉರುಳೆಯಲ್ಲಿ ಆರು ಮನೆ. ಹೊಡೆದ ಮೇಲೆ ಕೊಪ್ಪೆ ಮನೆಯಲ್ಲೇ ಉಳಿಯುತ್ತದೆ, ಹುಲ್ಲಿಗೆ ಹಾರುವುದಿಲ್ಲ. ಕಲಿಯಲು ಪಿಸ್ತೂಲು ಆರಿಸುವಾಗ ಚೆಲುವು ನೋಡಬೇಡಿ. ಮುಂದೆ ಕೈಯಲ್ಲಿ ಹಿಡಿಯಬೇಕಾದ ಆಯುಧಕ್ಕೆ ಅದು ಎಷ್ಟು ಹತ್ತಿರವಿದೆ ಅಂತ ನೋಡಿ. ಗುಂಡು ಅಗ್ಗವಾಗಿ, ಸಲೀಸಾಗಿ ಸಿಗುತ್ತದೆಯೋ ನೋಡಿ. ಹೊಡೆಯುವವರ ಬೆರಳು ಎಟಕುತ್ತದೆಯೋ ನೋಡಿ. ನಾನು ಇಷ್ಟನ್ನೂ ಸರಿಯಾಗಿಯೇ ನೋಡಿದೆ. ತಪ್ಪಿದ್ದು ತಂದ ಮೇಲೆ.

ಮೊದಲ ದಿನ ರತ್ನಮ್ಮನ ಕೈಗೆ ಕೊಟ್ಟು ಒಂದು ಗುಂಡು ಹೊಡೆಸಿದೆ. 'ಟಪ್' ಅಂತ ಸದ್ದು, ಒಣಗಿದ ಸೌದೆ ಮುರಿದಷ್ಟು. ಕೈ ಅಲ್ಲಾಡಲಿಲ್ಲ. ಅವಳು ನನ್ನ ಮುಖ ನೋಡಿದಳು.

"ಆಯ್ತಾ ಸಾ?"

"ಆಯ್ತು ಕಣಮ್ಮಿ."

"ಇಷ್ಟೆಯಾ!" ಅಂದು ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಹುಮ್ಮಸ್ಸು ಬಂತು ನೋಡಿ ನನಗೆ. ಮಾರನೇ ದಿನದಿಂದ ಬೆಳಿಗ್ಗೆ ನಾಣ್ಯದ ಅಭ್ಯಾಸ ಶುರು. ರತ್ನಮ್ಮ ಸೇರಿ ಆರು ಜನ ಹೊಸಬರು, ತಲಾ ಇನ್ನೂರು ಸಲ, ಖಾಲಿ ಗುಬ್ಬಿ ಪಿಸ್ತೂಲಿನಲ್ಲಿ ಕ್ಲಿಕ್, ಕ್ಲಿಕ್, ಕ್ಲಿಕ್. ಬೇವಿನ ಮರದ ಕೆಳಗೆ ಮೂರು ವಾರ ಅದೇ ಸಂಗೀತ. ನಾನು ಗುರುಗಳ ಹಾಗೆ ಬೆತ್ತ ಹಿಡಿದು ಓಡಾಡುತ್ತಿದ್ದೆ. ನಾಲ್ಕನೇ ವಾರ ಗುಂಡು ತುಂಬಲು ಹೋದರೆ ಒಳಗೆ ಹೋಗುತ್ತಿಲ್ಲ. ಅರ್ಧ ಹೋಗಿ ಕಚ್ಚಿಕೊಳ್ಳುತ್ತದೆ. ಉರುಳೆ ತಿರುಗುತ್ತಿಲ್ಲ.

ಕೂಗಾಡಿಬಿಟ್ಟೆ. "ಯಾವನ್ಲಾ ಇದ ನೆಲಕ್ ಬೀಳ್ಸಿದ್ದು? ಮಣ್ ತುಂಬವ್ರೆ ನನ್ ಮಕ್ಳು!" ಅಂತ ಆರು ಜನರನ್ನೂ ನಿಲ್ಲಿಸಿ ಬೈದೆ. ಯಾರೂ ಒಪ್ಪಲಿಲ್ಲ. ಮೈದಾನ ಮೂರು ಸುತ್ತು ಓಡಿಸಿದೆ. ಅವರು ಓಡುತ್ತಿರುವಾಗ, ಓಟದಲ್ಲಿ ಯಾವಾಗಲೂ ಮೊದಲು ಮುಗಿಸುವ ರತ್ನಮ್ಮ ಬಂದು, ಏದುಸಿರು ಬಿಡುತ್ತಾ ಆ ಉರುಳೆಯನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಸಾ, ಬಯ್ಯಲ್ಲ ಅಂದ್ರ ಒಂದ್ ಮಾತ್ ಏಳ್ತಿನಿ. ಆರು ಮನೇಲೂ ಒಂದೇ ಜಾಗದಲ್ಲಿ ಗಾಯ ಆಗದ. ಅಂಚ್ನಲ್ಲಿ. ಬಿದ್ರ ಒಂದ್ ಕಡ ಆಯ್ತಿತ್ತು. ಇದು ನಾವ್ ಕುಟ್ಟಿರದು ಕಣ್ ಸಾ."

ಕಿತ್ತುಕೊಂಡು ನೋಡಿದೆ. ಅವಳು ಹೇಳಿದ್ದೇ ನಿಜ. ದೊಡ್ಡ ಗುಂಡಿಗೆ ಮುಳ್ಳು, ಅಂದರೆ ಕುದುರೆ ಎಳೆದಾಗ ಮುಂದೆ ಬಂದು ಬಡಿಯುವ ಉಕ್ಕಿನ ಮೊನೆ, ಹೊಡೆಯುವುದು ಬುಡದ ನಡುವೆ. ಖಾಲಿ ಇದ್ದರೆ ಅದು ಗಾಳಿಗೆ ಹೊಡೆಯುತ್ತದೆ, ಅಂಥ ನಷ್ಟವೇನಿಲ್ಲ. ಟೂ ಟೂ ಹಾಗಲ್ಲ. ಅದರ ಮದ್ದು ಇರುವುದೇ ಕೊಪ್ಪೆಯ ಅಂಚಿನಲ್ಲಿ, ಹಾಗಾಗಿ ಮುಳ್ಳು ಹೊಡೆಯುವುದೂ ಅಂಚಿಗೆ. ಖಾಲಿ ಇದ್ದರೆ ಆ ಮುಳ್ಳು ಉಕ್ಕಿನ ಮನೆಯ ಬಾಯಂಚಿಗೇ ಹೋಗಿ ಬಡಿಯುತ್ತದೆ. ದಿನಕ್ಕೆ ಸಾವಿರದಿನ್ನೂರು ಸಲ, ಮೂರು ವಾರ, ನಾವು ಬಡಿದಿದ್ದೆವು. ಅಂಚು ನುಗ್ಗಾಗಿ ಬಾಯಿ ಮುಚ್ಚಿಕೊಂಡಿತ್ತು. ಪುಸ್ತಕ ಓದಿದ್ದವನು ನಾನು, ತಿಳಿಯದವನಲ್ಲ. ಗುರುಗಳು ಕಲಿಸಿದ ಅಭ್ಯಾಸದ ಜೋಶಿನಲ್ಲಿ ತಲೆ ಉಪಯೋಗಿಸಿರಲಿಲ್ಲ, ಅಷ್ಟೆ.

ಓಡುತ್ತಿದ್ದ ಐದು ಜನರನ್ನೂ ಕರೆದು ಕೂರಿಸಿದೆ. "ತಪ್ಪು ನಂದು ಕಣ್ರಲಾ," ಅಂದೆ. ಆ ಮಾತು ಹೇಳಲು ಎಷ್ಟು ಕಷ್ಟವಾಯಿತು ಅಂತ ನಾನೇ ಬಲ್ಲೆ. ಹೇಳಿದ ಮೇಲೆ ಹಗುರವಾಯಿತು. ಆಮೇಲೆ ಗುರುಪಾದಪ್ಪನವರ ಹತ್ತಿರ ಹೋಗಿ ಅದನ್ನೇ ಹೇಳಿದೆ. ಅವರು ಕೂಗಲಿಲ್ಲ. ಅದೇ ಜಾಸ್ತಿ ಉರಿಯಿತು. "ನಾನ್ ಹೇಳಿರ್ಲಿಲ್ವಾ? ಹೋಗ್ಲಿ, ಗೇಟ್ ಹತ್ರ ನೆರಳು ಚೆನ್ನಾಗಿದೆ ಬಿಡು," ಅಂದರು.

ಗೇಟಿನ ನೆರಳು ನನಗೆ ಬೇಕಿರಲಿಲ್ಲ. ಅವಳ ತಾಯಿ ಆ ಯಜಮಾನರ ಮಾತು ಕೇಳುವುದೂ ಬೇಕಿರಲಿಲ್ಲ. ನುಗ್ಗಾದ ಅಂಚನ್ನು ಅರದಿಂದ ಉಜ್ಜುವ ಹಾಗಿಲ್ಲ, ಉಜ್ಜಿದರೆ ಬಾಯಿ ಅಗಲವಾಗಿ ಗುಂಡು ಕೂರುವುದಿಲ್ಲ. ಅದನ್ನು ಎಲ್ಲಿಂದ ಬಂತೋ ಅಲ್ಲಿಗೇ ಒತ್ತಬೇಕು. ಚಾಮರಾಜನಗರದಲ್ಲಿ ಪಂಪ್‌ಸೆಟ್ ಶಾಫ್ಟ್ ಕಡೆಯುವ ಒಬ್ಬ ಲೇತ್ ಮೇಸ್ತ್ರಿಯ ಹತ್ತಿರ ಹೋಗಿ, ಆಯುಧದ ಸುದ್ದಿ ಎತ್ತದೆ, ಅಳತೆ ಬರೆದ ಚೀಟಿ ಕೊಟ್ಟು, ತುದಿ ಸಣ್ಣ ಬುಡ ದಪ್ಪ ಇರುವ ಒಂದು ಗಟ್ಟಿ ಉಕ್ಕಿನ ಕಡ್ಡಿ ಕಡೆಸಿದೆ. ಆಯುಧಕೋಣೆಯಲ್ಲಿ ಕೂತು ಅದನ್ನು ಒಂದೊಂದು ಮನೆಯೊಳಗೂ ತೂರಿಸಿ, ಎಣ್ಣೆ ಬಿಟ್ಟು, ತಿರುಗಿಸಿ ತಿರುಗಿಸಿ ಅಂಚನ್ನು ಹಿಂದಕ್ಕೆ ಒತ್ತಿದೆ. ಎರಡು ದಿನ ಹಿಡಿಯಿತು. ಅಂಗೈ ಬೊಬ್ಬೆ ಬಂತು. ಆರನೆಯ ಮನೆಗೆ ಗುಂಡು ಸಲೀಸಾಗಿ ಇಳಿದು ಕೂತಾಗ, ನನ್ನಷ್ಟಕ್ಕೆ ನಾನೇ "ಭೇಷ್ ಕಣ್ಲಾ ಮರಿಸ್ವಾಮಿ" ಅಂದುಕೊಂಡೆ. ಬೇರೆ ಯಾರೂ ಅನ್ನುವವರಿರಲಿಲ್ಲ.

ಆದರೆ ನಾಣ್ಯದ ಅಭ್ಯಾಸ ನಿಂತುಹೋಯಿತಲ್ಲ? ಅದಿಲ್ಲದೆ ರತ್ನಮ್ಮನ ಬೆರಳು ಪಳಗುವುದಿಲ್ಲ. ತ್ರೀ ಎಯ್ಟ್ ಹಿಡಿದರೋ, ಖಾಲಿಯಿದ್ದರೂ ಅವಳ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಖಾಲಿ ಕೊಪ್ಪೆಯನ್ನೇ ಮನೆಯೊಳಗಿಟ್ಟು ಬಡಿದರೆ ಮುಳ್ಳಿಗೆ ಮೆತ್ತೆ ಆಗುತ್ತದೆ, ಆದರೆ ಕೊಪ್ಪೆಯೆಲ್ಲ ಅವತ್ತವತ್ತೇ ವಾಪಸು ಒಪ್ಪಿಸಬೇಕು. ಇದೇ ಚಿಂತೆಯಲ್ಲಿ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋದೆ, ಪರೀಕ್ಷೆಯ ಜಾಗ ನೋಡಿ ಬರೋಣ ಅಂತ. ವಾಪಸು ಬಸ್ಸಿಗೆ ಕಾಯುತ್ತಾ ಒಬ್ಬ ಮಲಯಾಳಿ ಕಾಕಾನ ಹಾರ್ಡ್‌ವೇರ್ ಅಂಗಡಿಯ ನೆರಳಲ್ಲಿ ನಿಂತಿದ್ದೆ. ಗಲ್ಲಾದ ಮುಂದೆ ತಟ್ಟೆಯ ತುಂಬ ಪ್ಲಾಸ್ಟಿಕ್ ಗಟ್ಟಗಳು, ಗೋಡೆಗೆ ತೂತು ಕೊರೆದು ಸ್ಕ್ರೂ ಕೂರಿಸಲು ತುರುಕುತ್ತಾರಲ್ಲ, ಅವು. ಹಳದಿಯದು ಕಣ್ಣಿಗೆ ಬಿತ್ತು. ದಪ್ಪ ಗುಬ್ಬಿ ಗುಂಡಿನ ದಪ್ಪ. ಬುಡದಲ್ಲಿ ಗುಂಡಿಗಿರುವಂಥದೇ ಅಂಚು. ಎತ್ತಿಕೊಂಡು ತಿರುಗಿಸಿ ನೋಡಿದೆ.

"ಕಾಕಾ, ಇದು ಒಂದು ಪ್ಯಾಕೆಟ್ ಕೊಡಿ. ಬೇಡ, ನಾಲ್ಕು ಕೊಡಿ."

"ಎಂದಾ ಸಾರೇ, ನಿಮ್ದು ಸ್ಟೇಷನ್ ಗೋಡೆ ಎಲ್ಲಾ ತೂತು ಆಯ್ತಾ?" ಅಂದ ಕಾಕಾ.

ಆಯುಧಕೋಣೆಗೆ ಬಂದು ಒಂದನ್ನು ಮನೆಯೊಳಗೆ ಇಳಿಸಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು. ಕುದುರೆ ಎಳೆದೆ. ಮುಳ್ಳು ಪ್ಲಾಸ್ಟಿಕ್ಕಿಗೆ ಬಡಿಯಿತು, ಉಕ್ಕಿಗೆ ಮುಟ್ಟಲಿಲ್ಲ. ಹತ್ತಾರು ಸಲ ಹೊಡೆದ ಮೇಲೆ ಗಟ್ಟವನ್ನು ಸ್ವಲ್ಪ ತಿರುಗಿಸಿದರೆ ಮತ್ತೆ ಹೊಸದು. ಬೇವಿನ ಮರದ ಕೆಳಗೆ ಸಂಗೀತ ಮತ್ತೆ ಶುರುವಾಯಿತು.

ಬೆಳಿಗ್ಗೆ ಹಳದಿ ಗಟ್ಟ, ಸಂಜೆ ಗುಬ್ಬಿ ಗುಂಡು. ಇನ್ನೊಂದು ಪಾಠವನ್ನೂ ಸೇರಿಸಿದೆ. ಆರು ಮನೆಗಳಲ್ಲಿ ನಾಲ್ಕಕ್ಕೆ ಗುಂಡು, ಎರಡಕ್ಕೆ ಗಟ್ಟ ಇಟ್ಟು, ಯಾವುದು ಎಲ್ಲಿದೆ ಅಂತ ಹೇಳದೆ ರತ್ನಮ್ಮನ ಕೈಗೆ ಕೊಡುತ್ತಿದ್ದೆ. ಗುಂಡು ಹೋಗುತ್ತದೆ ಅಂತ ಹೆದರಿ ಕೈ ಜಗ್ಗಿದರೆ, ಗಟ್ಟ ಬಂದಾಗ ನಳಿಕೆ ಕೆಳಗೆ ಬಾಗುವುದು ಕಣ್ಣಿಗೆ ಕಾಣುತ್ತದೆ. ಸುಳ್ಳು ಹೇಳುವ ಹಾಗೇ ಇಲ್ಲ. ಮೊದಲು ಗೇಣುದ್ದ ಬಾಗುತ್ತಿತ್ತು. ಎರಡು ವಾರಕ್ಕೆ ಬೆರಳಷ್ಟು. ಕೊನೆಗೆ ಒಂದು ಸಂಜೆ ಗಟ್ಟಕ್ಕೂ ಗುಂಡಿಗೂ ನಳಿಕೆ ಒಂದೇ ಕಡೆ ನಿಂತಿತು. ಕಣ್ಣು ತೆರೆದೇ ಇತ್ತು. ಆಮೇಲೆ ಕೊನೆಯ ವಾರ ನನ್ನ ಹತ್ತಿರ ಉಳಿದಿದ್ದ ತ್ರೀ ಎಯ್ಟ್ ಗುಂಡು ನಾಲ್ಕನ್ನು ಅವಳಿಗೆ ಕೊಟ್ಟೆ. ಮೂರು ಬಿತ್ತು. ಅವಳು ಬಗ್ಗಿ ನನ್ನ ಕಾಲು ಮುಟ್ಟಲು ಬಂದಳು. "ಪಾಸಾಗ್ ಓಗು, ಆಮ್ಯಾಕ ನೋಡನ," ಅಂದು ಬೈದು ಕಳಿಸಿದೆ.

ಪರೀಕ್ಷೆಯ ದಿನ ಗುಂಡ್ಲುಪೇಟೆ ಕಡೆಯ ಆ ಗುಡ್ಡದ ಬುಡ. ಸುತ್ತ ಚೆಂಡುಹೂವಿನ ಹೊಲ, ಹಳದಿಯೋ ಹಳದಿ. ದೊಡ್ಡ ಸಾಹೇಬರು ಬಂದು ಕೂತರು. ಉಳಿದ ಐದು ಜನರೂ ಪಾಸಾದರು. ರತ್ನಮ್ಮನ ಸರದಿ ಕೊನೆಗೆ. ಮೊದಲ ಆರು ಗುಂಡಿನಲ್ಲಿ ಮೂರು ಬಿತ್ತು. ಮತ್ತೆ ನಾಲ್ಕು ತುಂಬಿದಳು. ಏಳನೆಯದು ಬಿತ್ತು. ಎಂಟನೆಯದು ಬಿತ್ತು. ಒಂಬತ್ತನೆಯದು ಹಲಗೆಯಿಂದಾಚೆಗೆ ಹೋಯಿತು. ಒಟ್ಟು ಐದು. ಪಾಸಾಗಲು ಆರು ಬೇಕು, ಉಳಿದಿದ್ದು ಒಂದು.

ಅವಳು ಉಸಿರು ತೆಗೆದುಕೊಂಡು ಕುದುರೆ ಎಳೆದಳು.

ಕ್ಲಿಕ್.

ಗುಂಡು ಸಿಡಿಯಲಿಲ್ಲ. ಹಳೆಯ ಸರಕು, ಒಂದೊಂದು ಹಾಗಾಗುತ್ತದೆ. ಆದರೆ ನಾನು ನೋಡಿದ್ದು ಗುಂಡನ್ನಲ್ಲ, ನಳಿಕೆಯನ್ನು. ಅದು ಎಳ್ಳಷ್ಟೂ ಬಾಗಿರಲಿಲ್ಲ! ಬೇವಿನ ಮರದ ಕೆಳಗಿನ ಸಂಜೆಯ ಹಾಗೇ ಗುರಿಯ ಮೇಲೇ ನಿಂತಿತ್ತು. ನನಗೆ ಕೂಗಿಬಿಡುವಷ್ಟು ಸಂತೋಷವಾಯಿತು. ಅವಳು ನಾನು ಹೇಳಿಕೊಟ್ಟ ಹಾಗೇ ನಳಿಕೆಯನ್ನು ಗುರಿಯ ಕಡೆಗೇ ಹಿಡಿದು, ತಡವಾಗಿ ಸಿಡಿದರೂ ಸಿಡಿದೀತು ಅಂತ ಬಾಯಲ್ಲೇ ಮೂವತ್ತು ಎಣಿಸಿ, ಉರುಳೆ ಬಿಚ್ಚಿ ಗುಂಡು ಹೊರಗೆ ತೆಗೆದಳು.

"ಕ್ಲಿಕ್ ಅಂದ್ರೂ ಹೊಡೆದ ಹಾಗೇ ಲೆಕ್ಕ," ಅಂದರು ಗುರುಪಾದಪ್ಪನವರು. "ಹತ್ತಾಯ್ತು, ಐದು ಬಿತ್ತು."

ನನಗೆ ತಡೆಯಲಾಗಲಿಲ್ಲ. "ನಿಯಮ ಹಾಗಿಲ್ಲ ಸಾರ್. ಗುಂಡು ಕೆಟ್ಟಿದ್ರೆ ಬದಲಿ ಕೊಡಬೇಕು. ನೋಡಿ, ಮುಳ್ಳು ನಡುವೆ ಸರಿಯಾಗಿ ಹೊಡೆದಿದೆ."

"ಗುಂಡು ಕೆಟ್ಟಿಲ್ಲಪ್ಪ. ನಿನ್ನ ರಿವಾಲ್ವರಿನ ಸ್ಪ್ರಿಂಗ್ ಸತ್ತಿದೆ. ಇದೇ ಗುಂಡು ನನ್ನದ್ರಲ್ಲಿ ಹೆಂಗ್ ಹೋಗಲ್ಲ ನೋಡು." ಆ ಗುಂಡನ್ನು ತೆಗೆದುಕೊಂಡು ತಮ್ಮ ಸೊಂಟದ ರಿವಾಲ್ವರಿಗೆ ತುಂಬಿದರು. ಗುರಿಗೆ ಎದುರಾಗಿ ಎದೆ ಸೆಟೆದು ನಿಂತರು. ಎಲ್ಲರೂ ನೋಡುತ್ತಿದ್ದೆವು, ದೊಡ್ಡ ಸಾಹೇಬರೂ.

ಕ್ಲಿಕ್.

ಗುಂಡು ಹೋಗಲಿಲ್ಲ. ಗುರುಪಾದಪ್ಪನವರ ನಳಿಕೆ ಮಾತ್ರ ಗೇಣುದ್ದ ಕೆಳಗೆ ಬಾಗಿ ಅವರ ಬೂಟಿನ ಮುಂದಿನ ಹುಲ್ಲು ನೋಡುತ್ತಿತ್ತು. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದವು. ಇಷ್ಟು ವರ್ಷ ಅವರ ಗುಂಡು ಸಿಡಿದು ಕೈ ಮೇಲಕ್ಕೆ ಹಾರುತ್ತಿದ್ದುದರಿಂದ ಯಾರಿಗೂ, ಅವರಿಗೂ, ಇದು ಗೊತ್ತಾಗಿರಲಿಲ್ಲ.

ಅವರು ಕಣ್ಣು ಬಿಟ್ಟು ತಮ್ಮ ನಳಿಕೆಯನ್ನು ನೋಡಿಕೊಂಡರು. ಆಮೇಲೆ ರತ್ನಮ್ಮನ ಕಡೆ ನೋಡಿದರು. ಅವರ ದೊಡ್ಡತನವನ್ನು ನಾನು ಇಲ್ಲಿ ಬರೆಯಲೇಬೇಕು. ನೆಪ ಹೇಳಬಹುದಿತ್ತು, ಹೇಳಲಿಲ್ಲ. "ಕೊಡಯ್ಯ, ಆ ಹುಡುಗಿಗೆ ಇನ್ನೊಂದು ಗುಂಡು ಕೊಡು," ಅಂದರು.

ಕೊಟ್ಟೆ. ಅವಳು ತುಂಬಿ, ಕೈ ನೀಡಿ, ಎಳೆದಳು. ಗುಡ್ಡ ಮರುದನಿ ಕೊಟ್ಟಿತು. ಗುರಿ ಹಲಗೆಯ ಹತ್ತಿರ ಓಡಿಹೋದ ಪೇದೆ ಎರಡೂ ಕೈ ಮೇಲೆತ್ತಿ ಕುಣಿದ. ನಟ್ಟನಡುವೆ! ಐದು ಜನ ಹೊಸಬರು ಶಿಸ್ತು ಗಿಸ್ತು ಎಲ್ಲ ಬಿಟ್ಟು ಕೂಗಿದರು. ನಾನೂ ಕೂಗಿದೆ. ದೊಡ್ಡ ಸಾಹೇಬರು ನೋಡಿಯೂ ನೋಡದವರ ಹಾಗೆ ಚೆಂಡುಹೂವಿನ ಹೊಲದ ಕಡೆ ತಿರುಗಿದರು. ರತ್ನಮ್ಮ ಮಾತ್ರ ಕೂಗಲಿಲ್ಲ. ಆರು ಕೊಪ್ಪೆಗಳು, ಆಮೇಲೆ ನಾಲ್ಕು ಕೊಪ್ಪೆಗಳು, ಎಲ್ಲ ನನ್ನ ಅಂಗೈಗೆ ಸುರಿದು, "ಸರ್ಯಾಗದಾ ನೋಡ್ಕಳಿ ಸಾ," ಅಂದಳು. ಆಮೇಲೆ ಅತ್ತಳು.

ಆ ಗುಬ್ಬಿ ಪಿಸ್ತೂಲಿನಲ್ಲಿ ಮುಂದೆ ಎಷ್ಟು ಜನ ಕಲಿತರೋ ನಾನು ಎಣಿಸಿಲ್ಲ. ಬೇರೆ ಊರಿನವರು ಹಳದಿ ಗಟ್ಟ ನೋಡಲು ಬಂದರು, ನಗಲು ಬಂದವರು ಪ್ಯಾಕೆಟ್ ಕೊಂಡುಹೋದರು. ಗುಂಡ್ಲುಪೇಟೆಯ ಕಾಕಾ ನಮ್ಮ ಗೋಡೆಗಳ ಬಗ್ಗೆ ಕೇಳುವುದನ್ನು ನಿಲ್ಲಿಸಿದ. ಅದೆಲ್ಲ ಆಮೇಲಿನ ಮಾತು. ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿರುವುದು ಪರೀಕ್ಷೆಯ ನಂತರದ ಸೋಮವಾರ.

ಬೆಳಿಗ್ಗೆ ಹಾಜರಿಗೆ ಇನ್ನೂ ಒಂದು ಗಂಟೆ ಇತ್ತು. ರತ್ನಮ್ಮ ಬೇಗ ಬಂದು ನನ್ನ ಜೊತೆ ಆಯುಧ ಒರೆಸುತ್ತಿದ್ದಳು. ಬಾಗಿಲಲ್ಲಿ ಗುರುಪಾದಪ್ಪನವರು ಬಂದು ನಿಂತರು. ಯೂನಿಫಾರಂ ಇಲ್ಲ. ಬನಿಯನ್ ಮೇಲೆ ಸ್ವೆಟರ್, ತಲೆಗೆ ಮಫ್ಲರ್. ಆಚೆ ಈಚೆ ನೋಡಿ, ಅವರಲ್ಲಿದೆ ಅಂತ ನನಗೆ ಗೊತ್ತೇ ಇರದಿದ್ದ ಸಣ್ಣ ದನಿಯಲ್ಲಿ, "ಮರಿಸ್ವಾಮಿ, ಆ ಗುಬ್ಬಿ ಪಿಸ್ತೂಲ್ ಎಲ್ಲಪ್ಪ?" ಅಂದರು.

ನಾನು ರತ್ನಮ್ಮನ ಮುಖ ನೋಡಿದೆ. ಅವಳು ಎದ್ದು, ಡಬ್ಬದಿಂದ ಆರು ಹಳದಿ ಗಟ್ಟ ತೆಗೆದು ಅವರ ಅಂಗೈಗೆ ಹಾಕಿದಳು. "ಮೊದ್ಲು ಇವ ತುಂಬ್ಕಳಿ ಸಾ. ಆಮ್ಯಾಕ ಗುಂಡು."

ಬೇವಿನ ಮರದ ಕೆಳಗೆ ಅವರು ತುಂಬಿದರು, ಕೈ ನೀಡಿದರು. ರತ್ನಮ್ಮ ನಳಿಕೆಯ ಮೇಲೆ ನಾಣ್ಯ ಇಟ್ಟಳು. ಕ್ಲಿಕ್. ನಾಣ್ಯ ಬಿತ್ತು. ಅವಳು ಬಗ್ಗಿ ಎತ್ತಿಕೊಂಡು, ಮಣ್ಣು ಒರೆಸಿ, ಮತ್ತೆ ಅಲ್ಲೇ ಇಟ್ಟಳು.

"ಕಣ್ ಮುಚ್ಬ್ಯಾಡಿ ಸಾ," ಅಂದಳು.